ವಿಂಡೋಸ್ 7ರಿಂದ 11ಕ್ಕೆ ಬಂದ ಮೇಲೆ ಹಳೇ ವಿಬಿ6 ಡೇರಿ ಲೆಕ್ಕದ ಪ್ರೋಗ್ರಾಂ ತೆರೆಯುತ್ತಿಲ್ಲ, ರನ್‌ಟೈಮ್ ಎರರ್ 339

ಡೇರಿಲೆಕ್ಕ

ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕದ ಪ್ರೋಗ್ರಾಂ. ವಿಷುವಲ್ ಬೇಸಿಕ್ 6ರಲ್ಲಿ ಬರೆದದ್ದು. ಡೇಟಾ ಆಕ್ಸೆಸ್‌ನ ಎಂಡಿಬಿ ಕಡತದಲ್ಲಿದೆ. ಸದಸ್ಯರ ಹೆಸರು, ಬಿಲ್ಲು ಎಲ್ಲ ನುಡಿ ಫಾಂಟಿನಲ್ಲಿ. ತೂಕದ ಯಂತ್ರ ಸೀರಿಯಲ್ ಪೋರ್ಟಿಗೆ, ಚೀಟಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ.

ಹಳೇ ಕಂಪ್ಯೂಟರ್: ವಿಂಡೋಸ್ 7, 32 ಬಿಟ್. ಇನ್ನೂ ಚಾಲೂ ಇದೆ.
ಹೊಸದು: ವಿಂಡೋಸ್ 11, 64 ಬಿಟ್.

ಸೆಟಪ್ ಸಿಡಿ ಇಲ್ಲ, ಬರೆದುಕೊಟ್ಟವರ ಸಂಪರ್ಕವೂ ಇಲ್ಲ. ಹಳೇದರ ಪ್ರೋಗ್ರಾಂ ಫೈಲ್ಸ್ ಒಳಗಿದ್ದ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ತಂದು ಹೊಸದರ ಪ್ರೋಗ್ರಾಂ ಫೈಲ್ಸ್ ಎಕ್ಸ್86 ಒಳಗೆ ಹಾಕಿದ್ದೇವೆ. ಡಬಲ್ ಕ್ಲಿಕ್ ಮಾಡಿದರೆ ಬರುವುದು ಇದು: «ರನ್‌ಟೈಮ್ ಎರರ್ 339: ಕಾಂಪೊನೆಂಟ್ ಎಂಎಸ್‌ಕಾಮ್‌ಸಿಟಿಎಲ್.ಓಸಿಎಕ್ಸ್ ಆರ್ ಒನ್ ಆಫ್ ಇಟ್ಸ್ ಡಿಪೆಂಡೆನ್ಸೀಸ್ ನಾಟ್ ಕರೆಕ್ಟ್‌ಲಿ ರಿಜಿಸ್ಟರ್ಡ್».

ಆ ಕಡತವನ್ನೂ ಹಳೇದರ ಸಿಸ್ಟಂ32ರಿಂದ ತಂದು ಹೊಸದರ ಸಿಸ್ಟಂ32ಕ್ಕೆ ಹಾಕಿ, ರಿಜಿಸ್ಟರ್ ಮಾಡುವ ರೆಗ್‌ಎಸ್‌ವಿಆರ್32 ಆಜ್ಞೆ ಕೊಟ್ಟೆವು. «ಮಾಡ್ಯೂಲ್ ಫೇಲ್ಡ್ ಟು ಲೋಡ್» ಅನ್ನುತ್ತದೆ. ಕಡತ ಕಣ್ಣೆದುರಿಗೇ ಇದೆ, ಸಿಗಲಿಲ್ಲ ಅನ್ನುತ್ತಿದೆ. ಮುಂದೇನು?

ಹಳೇಕೋಡು

ಪ್ರೋಗ್ರಾಂ ಕೆಟ್ಟಿಲ್ಲ. ವಿಬಿ6ರ ರನ್‌ಟೈಮ್, ಅಂದರೆ ಎಂಎಸ್‌ವಿಬಿವಿಎಂ60.ಡಿಎಲ್‌ಎಲ್, ವಿಂಡೋಸ್ 11ರ ಜೊತೆಗೇ ಬರುತ್ತದೆ. ಬಾರದಿರುವುದು ಓಸಿಎಕ್ಸ್‌ಗಳು, ಅಂದರೆ ಪರದೆಯ ಭಾಗಗಳನ್ನು ಒದಗಿಸುವ ಕಡತಗಳು: ಗ್ರಿಡ್, ಟ್ಯಾಬು, ಟೂಲ್‌ಬಾರು, ಕಡತ ಆರಿಸುವ ಪೆಟ್ಟಿಗೆ ಇತ್ಯಾದಿ. ಅವನ್ನು ಸೆಟಪ್ ತಂದು ಹಾಕಿ ರಿಜಿಸ್ಟ್ರಿಯಲ್ಲಿ ದಾಖಲಿಸಬೇಕಿತ್ತು. ನೀವು ಫೋಲ್ಡರ್ ಮಾತ್ರ ತಂದಿರಿ, ದಾಖಲೆ ಹಳೇ ಕಂಪ್ಯೂಟರಿನಲ್ಲೇ ಉಳಿಯಿತು.

«ಮಾಡ್ಯೂಲ್ ಫೇಲ್ಡ್ ಟು ಲೋಡ್» ಯಾಕೆ? 64 ಬಿಟ್ ವಿಂಡೋಸಿನಲ್ಲಿ ಹೆಸರುಗಳು ತಿರುಗಾಮುರುಗಾ. ಸಿಸ್ಟಂ32 ಅನ್ನುವುದು 64 ಬಿಟ್ ಕಡತಗಳ ಜಾಗ, ಸಿಸ್‌ವಾವ್64 ಅನ್ನುವುದು 32 ಬಿಟ್ ಕಡತಗಳದ್ದು. ಇಟ್ಟವರ ತರ್ಕ ಏನೇ ಇರಲಿ, ಇರುವುದು ಹಾಗೆ. ನೀವು 32 ಬಿಟ್ ಓಸಿಎಕ್ಸನ್ನು ಸಿಸ್ಟಂ32ಕ್ಕೆ ಹಾಕಿದಿರಿ. ರೆಗ್‌ಎಸ್‌ವಿಆರ್32 ಅದನ್ನು ನೋಡಿ «ಇದು 32 ಬಿಟ್» ಎಂದು ತನ್ನ 32 ಬಿಟ್ ಪ್ರತಿಯನ್ನು ಕರೆಯುತ್ತದೆ. ಆ ಪ್ರತಿ ಸಿಸ್ಟಂ32 ಎಂದು ಕೇಳಿದಾಗಲೆಲ್ಲ ವಿಂಡೋಸ್ ಅದನ್ನು ಸದ್ದಿಲ್ಲದೆ ಸಿಸ್‌ವಾವ್64ಕ್ಕೆ ತಿರುಗಿಸುತ್ತದೆ. ಅಲ್ಲಿ ಕಡತವಿಲ್ಲ. ಆದ್ದರಿಂದಲೇ ಕಣ್ಣೆದುರಿಗಿದ್ದರೂ ಸಿಗಲಿಲ್ಲ ಅನ್ನುವುದು.

ಹೀಗೆ ಮಾಡಿ. ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ.

1. ಸಿಸ್ಟಂ32ಕ್ಕೆ ಹಾಕಿದ ಪ್ರತಿಯನ್ನು ಅಳಿಸಿ. ನೀವು ಹಾಕಿದ್ದನ್ನು ಮಾತ್ರ.
2. ಅದೇ ಕಡತವನ್ನು ಸಿ ಡ್ರೈವ್, ವಿಂಡೋಸ್, ಸಿಸ್‌ವಾವ್64ರೊಳಗೆ ಹಾಕಿ. ಅದೇ ಹೆಸರಿನದು ಅಲ್ಲಿ ಈಗಾಗಲೇ ಇದ್ದರೆ ಅದರ ಮೇಲೆ ಬರೆಯಬೇಡಿ. ಇದ್ದದ್ದನ್ನೇ ರಿಜಿಸ್ಟರ್ ಮಾಡಿ ನೋಡಿ.
3. ಸ್ಟಾರ್ಟಿನಲ್ಲಿ ಸಿಎಂಡಿ ಎಂದು ಟೈಪಿಸಿ, ಬಲ ಕ್ಲಿಕ್, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್. ನೀವು ಅಡ್ಮಿನ್ ಖಾತೆಯಲ್ಲೇ ಇದ್ದರೂ ಇದು ಬೇಕು.
4. ಸಿಡಿ ಆಜ್ಞೆಯಿಂದ ಸಿಸ್‌ವಾವ್64 ಫೋಲ್ಡರಿಗೆ ಹೋಗಿ.
5. ರೆಗ್‌ಎಸ್‌ವಿಆರ್32, ಒಂದು ಸ್ಪೇಸ್, ಕಡತದ ಪೂರ್ತಿ ಹೆಸರು. «ಸಕ್ಸೀಡೆಡ್» ಎಂದು ಬರಬೇಕು.

ಬೇರೆ ಉತ್ತರ ಬಂದರೆ ಕೋಡ್ ನೋಡಿ. 0ಎಕ್ಸ್8002801ಸಿ ಅಥವಾ 0ಎಕ್ಸ್80070005 ಬಂದರೆ ಅನುಮತಿಯ ಸಮಸ್ಯೆ, 3ನೇ ಹೆಜ್ಜೆ ಬಿಟ್ಟುಹೋಗಿದೆ. ಮತ್ತೆ «ಫೇಲ್ಡ್ ಟು ಲೋಡ್» ಬಂದರೆ ಆ ಕಡತ ನೆಚ್ಚಿಕೊಂಡ ಇನ್ನೊಂದು ಡಿಎಲ್‌ಎಲ್ ಇಲ್ಲ.

ಸ್ಪ್ಯಾನರ್

ಇಷ್ಟೆಲ್ಲ ಯಾಕೆ ಸರ್, ಆ ಓಸಿಎಕ್ಸ್ ಹೆಸರು ಹಾಕಿ ಹುಡುಕಿದ್ರೆ ಡಿಎಲ್‌ಎಲ್ ಕೊಡೋ ಸೈಟು ಹತ್ತು ಸಿಗ್ತವೆ. ಇಳಿಸ್ಕೊಂಡು ಹಾಕಿ. ಆಮೇಲೆ ಎಕ್ಸ್‌ಇ ಮೇಲೆ ಕಂಪ್ಯಾಟಿಬಿಲಿಟಿ ಟ್ಯಾಬಲ್ಲಿ ಎಕ್ಸ್‌ಪಿ ಮೋಡು, ಜೊತೆಗೆ ರನ್ ಆ್ಯಸ್ ಅಡ್ಮಿನ್ ಟಿಕ್ಕು. ಅಡ್ಮಿನ್ ಅನುಮತಿ ಕೇಳೋ ಯುಎಸಿ ಇದೆಯಲ್ಲ, ಅದರ ಸ್ಲೈಡರ್ ಪೂರ್ತಿ ಕೆಳಗೆ. ತೊಂಬತ್ತು ಭಾಗ ಅಲ್ಲೇ ಮುಗೀತದೆ.

ಹಳೇಕೋಡು

@ಸ್ಪ್ಯಾನರ್, ಮುಗಿಯುತ್ತದೆ ನಿಜ, ಏನು ಮುಗಿಯುತ್ತದೆ ಎನ್ನುವುದೇ ಪ್ರಶ್ನೆ. ಇದೇ ಎಂಎಸ್‌ಕಾಮ್‌ಸಿಟಿಎಲ್ ಕಡತದಲ್ಲಿ ದೊಡ್ಡ ಭದ್ರತಾ ತೂತಿತ್ತು. ಮೈಕ್ರೋಸಾಫ್ಟ್ 2012ರ ಏಪ್ರಿಲ್‌ನಲ್ಲಿ ಎಂಎಸ್12-027 ಎಂಬ ತಿದ್ದುಪಡಿಯಲ್ಲಿ ಅದನ್ನು ಮುಚ್ಚಿತು. ವರ್ಡ್ ಮತ್ತು ಆರ್‌ಟಿಎಫ್ ಕಡತ ಕಳಿಸಿ ಕಂಪ್ಯೂಟರ್ ವಶಮಾಡಿಕೊಳ್ಳಲು ವರ್ಷಗಟ್ಟಲೆ ಬಳಸಿದ ತೂತು ಅದು. ಡಿಎಲ್‌ಎಲ್ ಸೈಟಿನವರು ಕೊಡುವುದು ಯಾವ ಕಾಲದ ಪ್ರತಿಯೋ, ಅದಕ್ಕೆ ಏನು ಅಂಟಿಕೊಂಡಿದೆಯೋ. ರೈತರ ಬ್ಯಾಂಕ್ ಖಾತೆ ಸಂಖ್ಯೆ ಇರುವ ಕಂಪ್ಯೂಟರಿಗೆ ಅದು ಬೇಡ.

ಓಸಿಎಕ್ಸ್ ಸಿಗುವ ಸರಿಯಾದ ಜಾಗ ಎರಡು. ಒಂದು, ನಿಮ್ಮದೇ ಹಳೇ ಕಂಪ್ಯೂಟರಿನ ಸಿಸ್ಟಂ32. ವಿಂಡೋಸ್ ಅಪ್‌ಡೇಟ್ ಆಗುತ್ತಿದ್ದ ಯಂತ್ರವಾದರೂ ಕಡತದ ಪ್ರಾಪರ್ಟೀಸ್, ಡೀಟೇಲ್ಸ್ ಟ್ಯಾಬಿನಲ್ಲಿ ಆವೃತ್ತಿ ಒಮ್ಮೆ ನೋಡಿ. ಎರಡು, ಮೈಕ್ರೋಸಾಫ್ಟ್ ಡೌನ್‌ಲೋಡ್ ತಾಣದ «ವಿಷುವಲ್ ಬೇಸಿಕ್ 6.0 ಸರ್ವಿಸ್ ಪ್ಯಾಕ್ 6 ಕ್ಯುಮುಲೇಟಿವ್ ಅಪ್‌ಡೇಟ್». ಹಳೇದರ ಪ್ರತಿ ಹಳತಾಗಿದ್ದರೆ ಅದನ್ನು ಬಳಸಿ.

ಎಕ್ಸ್‌ಪಿ ಮೋಡ್ 339ಕ್ಕೆ ಏನನ್ನೂ ಮಾಡುವುದಿಲ್ಲ. ಇಲ್ಲದ ಕಡತವನ್ನು ಕಂಪ್ಯಾಟಿಬಿಲಿಟಿ ಟ್ಯಾಬ್ ತಂದುಕೊಡುವುದಿಲ್ಲ. ಅಡ್ಮಿನ್ ಟಿಕ್ಕಿನ ಬಗ್ಗೆ ಮುಂದೆ ಹೇಳುತ್ತೇನೆ, ಮೊದಲು ಪ್ರೋಗ್ರಾಂ ತೆರೆಯಲಿ.

ಡೇರಿಲೆಕ್ಕ

ಎಂಎಸ್‌ಕಾಮ್‌ಸಿಟಿಎಲ್ ಸರಿಹೋಯಿತು. ಈಗ ಅದೇ 339, ಎಂಎಸ್‌ಎಫ್‌ಎಲ್‌ಎಕ್ಸ್‌ಜಿಆರ್‌ಡಿ.ಓಸಿಎಕ್ಸ್ ಹೆಸರಿನಲ್ಲಿ. ಅದನ್ನು ಹಾಕಿದರೆ ಲಾಗಿನ್ ಪರದೆ ಬರುತ್ತದೆ. ಒಳಗೆ ಹೋಗಿ ಹಾಲು ನಮೂದಿನ ಪರದೆ ಒತ್ತಿದರೆ ಮತ್ತೊಂದು. ಹೀಗೆ ಎಷ್ಟಿವೆ ಅಂತ ಮೊದಲೇ ತಿಳಿಯುವುದು ಹೇಗೆ?

ಕಡತಶೋಧ

ಒಂದೊಂದಾಗಿ ಕಾಯಬೇಡಿ. ಕೆಲವು ಪರದೆಗಳನ್ನು ವರ್ಷಕ್ಕೊಮ್ಮೆ ತೆರೆಯುತ್ತೀರಿ, ಆ ದಿನ ಸಿಕ್ಕಿಬೀಳುತ್ತೀರಿ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಲ್ಲಿ ಎರಡು ಉಪಕರಣ ಉಚಿತ.

ಸ್ಟ್ರಿಂಗ್ಸ್: ಎಕ್ಸ್‌ಇ ಕಡತದೊಳಗಿನ ಓದಬಲ್ಲ ಪಠ್ಯವನ್ನೆಲ್ಲ ಹೊರಗೆ ಹಾಕುತ್ತದೆ. ಫಲಿತಾಂಶವನ್ನು ಒಂದು ಪಠ್ಯ ಕಡತಕ್ಕೆ ಉಳಿಸಿ ಅದರಲ್ಲಿ ಓಸಿಎಕ್ಸ್ ಎಂದು ಹುಡುಕಿದರೆ ಪ್ರೋಗ್ರಾಂ ಕೇಳುವ ನಿಯಂತ್ರಣಗಳ ಪಟ್ಟಿ ಬಹುಪಾಲು ಸಿಗುತ್ತದೆ. ಇಂಥ ಲೆಕ್ಕದ ಪ್ರೋಗ್ರಾಂಗಳಲ್ಲಿ ಸಾಮಾನ್ಯವಾಗಿ ಕಾಣುವವು: ಎಂಎಸ್‌ಕಾಮ್‌ಸಿಟಿಎಲ್, ಎಂಎಸ್‌ಕಾಮ್‌ಸಿಟಿ2, ಕಾಮ್‌ಡಿಎಲ್‌ಜಿ32, ಎಂಎಸ್‌ಎಫ್‌ಎಲ್‌ಎಕ್ಸ್‌ಜಿಆರ್‌ಡಿ, ಟ್ಯಾಬ್‌ಸಿಟಿಎಲ್32, ಎಂಎಸ್‌ಡ್ಯಾಟ್‌ಜಿಆರ್‌ಡಿ, ಎಂಎಸ್‌ಎಡಿಓಡಿಸಿ, ತೂಕದ ಯಂತ್ರವಿದ್ದರೆ ಎಂಎಸ್‌ಕಾಮ್32, ವರದಿಗೆ ಹಳೇ ಕ್ರಿಸ್ಟಲ್ ರಿಪೋರ್ಟ್ಸ್ ಇದ್ದರೆ ಕ್ರಿಸ್ಟ್ಲ್32.

ಪ್ರಾಸೆಸ್ ಮಾನಿಟರ್: ಇದು ಪ್ರೋಗ್ರಾಂ ಮುಟ್ಟುವ ಪ್ರತಿ ಕಡತ, ಪ್ರತಿ ರಿಜಿಸ್ಟ್ರಿ ಕೀಲಿಯನ್ನು ತೋರಿಸುತ್ತದೆ. ಫಿಲ್ಟರಿನಲ್ಲಿ ಪ್ರಾಸೆಸ್ ನೇಮ್ ನಿಮ್ಮ ಎಕ್ಸ್‌ಇ, ರಿಸಲ್ಟ್ «ನೇಮ್ ನಾಟ್ ಫೌಂಡ್» ಎಂದು ಹಾಕಿ. ಸಾಲುಗಳು ಸಾವಿರ ಬರುತ್ತವೆ, ಹೆದರಬೇಡಿ. ಎರರ್ ಪೆಟ್ಟಿಗೆ ಪರದೆ ಮೇಲಿರುವಾಗಲೇ ದಾಖಲೆ ನಿಲ್ಲಿಸಿ ಕೊನೆಯ ನಲವತ್ತು ಐವತ್ತು ಸಾಲು ಓದಿದರೆ ಸಾಕು. ಬೇಕಾದ ಡಿಎಲ್‌ಎಲ್ ಹೆಸರು ಅಲ್ಲಿರುತ್ತದೆ.

ಪೆಟ್ಟಿಗೆಯನ್ನೂ ತೋರಿಸದೆ ಪ್ರೋಗ್ರಾಂ ಮಾಯವಾದರೆ ಈವೆಂಟ್ ವ್ಯೂವರ್, ವಿಂಡೋಸ್ ಲಾಗ್ಸ್, ಅಪ್ಲಿಕೇಶನ್, ಐಡಿ 1000. ಅದರಲ್ಲಿ «ಫಾಲ್ಟಿಂಗ್ ಮಾಡ್ಯೂಲ್» ಎದುರಿಗಿರುವ ಹೆಸರನ್ನು ಇಲ್ಲಿ ಹಾಕಿ.

ಹಳೇಕೋಡು

ಜೊತೆಗೆ ಒಂದು ಮಾತು. ಎರರ್ 429, «ಆ್ಯಕ್ಟಿವ್‌ಎಕ್ಸ್ ಕಾಂಪೊನೆಂಟ್ ಕಾಂಟ್ ಕ್ರಿಯೇಟ್ ಆಬ್ಜೆಕ್ಟ್» ಎಂದು ಬಂದರೆ ಅದು ಓಸಿಎಕ್ಸ್ ಅಲ್ಲದಿರಬಹುದು, ಡೇಟಾಬೇಸ್ ಎಂಜಿನ್ ಇರಬಹುದು. ವಿಬಿ6ರ ಹಳೇ ಡೇಟಾ ಕಂಟ್ರೋಲ್ ಬಳಸಿದವರು ಎಂಡಿಬಿ ಓದಿ ಬರೆಯುವ ಡಿಎಓ 3.51 ಎಂಬ ಭಾಗವನ್ನು ನೆಚ್ಚಿಕೊಂಡಿರುತ್ತಾರೆ. ವಿಂಡೋಸ್ ಜೊತೆ ಬರುವುದು ಡಿಎಓ 3.6 ಮತ್ತು ಅದರ ಎಂಜಿನ್ ಜೆಟ್ 4. 3.51 ಬರುವುದಿಲ್ಲ. ಹಳೇದರ ಕಾಮನ್ ಫೈಲ್ಸ್, ಮೈಕ್ರೋಸಾಫ್ಟ್ ಶೇರ್ಡ್, ಡಿಎಓ ಫೋಲ್ಡರಿನ ಡಿಎಓ350.ಡಿಎಲ್‌ಎಲ್ ತಂದು ಹೊಸದರ ಪ್ರೋಗ್ರಾಂ ಫೈಲ್ಸ್ ಎಕ್ಸ್86 ಒಳಗಿನ ಅದೇ ಜಾಗಕ್ಕೆ, ಎಂಎಸ್‌ಜೆಟ್35, ಎಂಎಸ್‌ಆರ್‌ಡಿ2ಎಕ್ಸ್35 ಮತ್ತು ಅವುಗಳ ಜೊತೆಗಾರರಾದ ಎಂಎಸ್‌ಜಿಂಟ್35, ಎಂಎಸ್‌ಜೆಟರ್35, ವಿಬಿಎಜೆಟ್32 ತಂದು ಸಿಸ್‌ವಾವ್64ಕ್ಕೆ. ಮೊದಲ ಮೂರನ್ನು ರಿಜಿಸ್ಟರ್ ಮಾಡಬೇಕು, ಉಳಿದವು ಇದ್ದರೆ ಸಾಕು.

ಯಾರಾದರೂ ಸಹಾಯ ಮಾಡಲು ಹೋಗಿ ಎಂಡಿಬಿಯನ್ನು ಹೊಸ ಆಕ್ಸೆಸಿನಲ್ಲಿ ತೆರೆದು «ಕನ್ವರ್ಟ್» ಒತ್ತಿದರೆ ಹಳೇ ಎಂಜಿನ್ ಅದನ್ನು ಓದಲಾರದೆ 3343, «ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್» ಅನ್ನುತ್ತದೆ. ಮೂಲ ಎಂಡಿಬಿಯನ್ನು ಮುಟ್ಟಬೇಡಿ, ನೋಡಬೇಕಿದ್ದರೆ ಪ್ರತಿಯಲ್ಲಿ ನೋಡಿ.

ಡೇರಿಲೆಕ್ಕ

ಪಟ್ಟಿಯಂತೆ ಎಲ್ಲ ಹಾಕಿದೆವು. ಪ್ರೋಗ್ರಾಂ ಪೂರ್ತಿ ತೆರೆಯುತ್ತಿದೆ. ಆದರೆ ಹೊಸ ತೊಂದರೆ. ಸದಸ್ಯರ ಪಟ್ಟಿಯಲ್ಲಿ ಈಗಿನವರು ಅರ್ಧ ಇಲ್ಲ. ಕೊನೆಯ ಬಟವಾಡೆ 2016ನೇ ಇಸವಿಯದ್ದು ತೋರಿಸುತ್ತಿದೆ. ಹಳೇ ಕಂಪ್ಯೂಟರಿನಲ್ಲಿ ನಿನ್ನೆ ಸಂಜೆಯ ಹಾಲಿನ ತನಕ ಇದೆ. ಅದೇ ಫೋಲ್ಡರ್, ಅದೇ ಎಂಡಿಬಿ ತಂದಿದ್ದೇವೆ.

ಹಳೇಕೋಡು

ಅದೇ ಎಂಡಿಬಿ ಅಲ್ಲ. ಹಳೇ ಕಂಪ್ಯೂಟರಿನಲ್ಲಿ ಎರಡು ಎಂಡಿಬಿ ಇವೆ, ನೀವು ತಂದದ್ದು ಬಳಕೆಯಲ್ಲಿಲ್ಲದ್ದು. ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ಇಲ್ಲಿ ತಪ್ಪಿದರೆ ಲೆಕ್ಕವೇ ಹೋಗುತ್ತದೆ.

ಎಕ್ಸ್‌ಪಿ ಕಾಲದ ಪ್ರೋಗ್ರಾಂಗಳು ತಮ್ಮದೇ ಫೋಲ್ಡರಿನಲ್ಲಿ ಡೇಟಾ ಬರೆಯುತ್ತಿದ್ದವು. ವಿಸ್ಟಾದಿಂದ ಈಚೆಗೆ ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಸಾಮಾನ್ಯ ಪ್ರೋಗ್ರಾಂಗೆ ಅನುಮತಿಯಿಲ್ಲ. ಹಾಗೆಂದು ಎರರ್ ಕೊಟ್ಟರೆ ಹಳೇ ಪ್ರೋಗ್ರಾಂಗಳೆಲ್ಲ ನಿಲ್ಲುತ್ತವೆ. ಅದಕ್ಕೆ ವಿಂಡೋಸ್ ಒಂದು ಉಪಾಯ ಮಾಡಿತು: ಬರೆಯಲು ಹೊರಟ ಕಡತದ ಪ್ರತಿಯೊಂದನ್ನು ಆ ಬಳಕೆದಾರರ ಖಾತೆಯೊಳಗೆ ಮಾಡಿ, ಮುಂದಿನ ಓದು ಬರಹವನ್ನೆಲ್ಲ ಆ ಪ್ರತಿಗೆ ತಿರುಗಿಸುವುದು. ಅದರ ಹೆಸರು ವರ್ಚುವಲ್‌ಸ್ಟೋರ್. ಪ್ರೋಗ್ರಾಂಗೆ ಇದು ಗೊತ್ತಾಗುವುದೇ ಇಲ್ಲ, ಬಳಸುವವರಿಗೂ ಇಲ್ಲ.

ಅಂದರೆ ಪ್ರೋಗ್ರಾಂ ಫೈಲ್ಸ್ ಒಳಗಿನ ಎಂಡಿಬಿ 2016ರಲ್ಲಿ ನಿಂತಿದೆ. ಬಹುಶಃ ಅಲ್ಲಿಯವರೆಗೆ ಅಡ್ಮಿನ್ ಆಗಿ ಓಡುತ್ತಿತ್ತು, ಆಮೇಲೆ ಯಾರೋ ಶಾರ್ಟ್‌ಕಟ್ ಬದಲಾಯಿಸಿದರು. ಅಲ್ಲಿಂದ ಈಚಿನದೆಲ್ಲ ಇರುವ ಜಾಗ:

ಸಿ ಡ್ರೈವ್, ಯೂಸರ್ಸ್, ಖಾತೆಯ ಹೆಸರು, ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್, ಪ್ರೋಗ್ರಾಂ ಫೈಲ್ಸ್, ನಿಮ್ಮ ಫೋಲ್ಡರ್.

ಆ್ಯಪ್‌ಡೇಟಾ ಅಡಗಿರುತ್ತದೆ, ಫೋಲ್ಡರ್ ಆಪ್ಶನ್ಸಿನಲ್ಲಿ ಹಿಡನ್ ಕಡತ ತೋರಿಸು ಎಂದು ಕೊಡಿ. ವಿಂಡೋಸ್ 7ರಲ್ಲಿ ಇನ್ನೂ ಸುಲಭದ ದಾರಿ ಇದೆ: ಪ್ರೋಗ್ರಾಂ ಫೋಲ್ಡರ್ ತೆರೆದಾಗ ಮೇಲಿನ ಪಟ್ಟಿಯಲ್ಲಿ «ಕಂಪ್ಯಾಟಿಬಿಲಿಟಿ ಫೈಲ್ಸ್» ಎಂಬ ಬಟನ್ ಕಂಡರೆ ಅದನ್ನು ಒತ್ತಿ, ನೇರ ಅಲ್ಲಿಗೇ ಹೋಗುತ್ತದೆ. ಆ ಬಟನ್ ಇದೆ ಎಂದರೇ ಎರಡು ಪ್ರತಿ ಇದೆ ಎಂದು ಅರ್ಥ.

ಆ ಕಂಪ್ಯೂಟರಿನಲ್ಲಿ ಎಷ್ಟು ಖಾತೆ ಇವೆಯೋ ಅಷ್ಟನ್ನೂ ನೋಡಿ. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಬೇರೆ ಬೇರೆ ಖಾತೆಯಲ್ಲಿ ಕೂತಿದ್ದರೆ ಎರಡು ಎಂಡಿಬಿ ಬೆಳೆದಿರುತ್ತವೆ. ಕಡತದ ಅಳತೆ ನೋಡಿ ತೀರ್ಮಾನಿಸಬೇಡಿ. ಅಳಿಸಿದ ದಾಖಲೆಗಳ ಜಾಗವನ್ನು ಎಂಡಿಬಿ ಬಿಟ್ಟುಕೊಡುವುದಿಲ್ಲ, ಆದ್ದರಿಂದ ದೊಡ್ಡದೇ ಹೊಸದು ಎಂದಲ್ಲ. ಬದಲಾದ ತಾರೀಖು ನೋಡಿ, ಪ್ರತಿ ತೆಗೆದು ಒಳಗಿನ ಕೊನೆಯ ಚೀಟಿ ಸಂಖ್ಯೆ ನೋಡಿ.

ಈಗ @ಸ್ಪ್ಯಾನರ್ ಹೇಳಿದ ಅಡ್ಮಿನ್ ಟಿಕ್ಕಿಗೆ ಬರುತ್ತೇನೆ. ಅಡ್ಮಿನ್ ಆಗಿ ಓಡಿದ ಪ್ರೋಗ್ರಾಂಗೆ ವರ್ಚುವಲ್‌ಸ್ಟೋರ್ ಇಲ್ಲ, ಅದು ಅಸಲಿ ಫೋಲ್ಡರನ್ನೇ ಓದುತ್ತದೆ. ಸಾಮಾನ್ಯವಾಗಿ ತೆರೆದರೆ ಒಂದು ಲೆಕ್ಕ, ಅಡ್ಮಿನ್ ಆಗಿ ತೆರೆದರೆ ಇನ್ನೊಂದು ಲೆಕ್ಕ. ಯುಎಸಿ ಕೆಳಗಿಳಿಸಿದರೂ ಅದೇ. «ಡೇಟಾ ಹೋಯಿತು, ಆಮೇಲೆ ತಾನಾಗಿಯೇ ಬಂತು» ಎನ್ನುವ ದೂರುಗಳ ಹಿಂದೆ ಬಹಳ ಸಲ ಇರುವುದು ಇದೇ.

ಸ್ಪ್ಯಾನರ್

ಒಪ್ಕೊಂಡೆ. ಹಂಗಾದ್ರೆ ಹೊಸದ್ರಲ್ಲಿ ಎಲ್ಲಿ ಇಡ್ಬೇಕು? ಪ್ರೋಗ್ರಾಂ ಫೈಲ್ಸ್ ಎಕ್ಸ್86ರಲ್ಲಿಟ್ರೆ ಇಲ್ಲೂ ಅದೇ ಕತೆ ತಾನೆ?

ಹಳೇಕೋಡು

ಅದೇ ಕತೆ. ಸಿ ಡ್ರೈವಿನ ಬೇರಿನಲ್ಲೇ ಒಂದು ಫೋಲ್ಡರ್ ಮಾಡಿ, ಹೆಸರಿನಲ್ಲಿ ಸ್ಪೇಸ್ ಬೇಡ, ಕನ್ನಡ ಅಕ್ಷರವೂ ಬೇಡ, ವಿಬಿ6 ಯೂನಿಕೋಡ್ ಹೆಸರಿಗೆ ಎಡವುತ್ತದೆ. ಅಲ್ಲಿಗೆ ಎಲ್ಲವನ್ನೂ ಕಾಪಿ ಮಾಡಿ. ಪ್ರೋಗ್ರಾಂ ಫೈಲ್ಸಿನಿಂದ ಕಟ್ ಮಾಡಿ ತರಬೇಡಿ. ಒಂದೇ ಡ್ರೈವಿನೊಳಗೆ ಸರಿಸಿದರೆ ಹಳೇ ಅನುಮತಿಗಳೂ ಜೊತೆಗೆ ಬರಬಹುದು. ಕಾಪಿ ಮಾಡಿದರೆ ಹೊಸ ಜಾಗದ ಅನುಮತಿ ತಗುಲುತ್ತದೆ.

ಎಂಡಿಬಿ ಇರುವ ಫೋಲ್ಡರಿನಲ್ಲಿ ಹೊಸ ಕಡತ ಹುಟ್ಟಿಸುವ ಅನುಮತಿಯೂ ಬೇಕು, ಎಂಡಿಬಿಗೆ ಬರೆಯುವ ಅನುಮತಿ ಒಂದೇ ಸಾಲದು. ತೆರೆದೊಡನೆ ಜೆಟ್ ಪಕ್ಕದಲ್ಲೇ ಎಲ್‌ಡಿಬಿ ಎಂಬ ಬೀಗದ ಕಡತ ಮಾಡುತ್ತದೆ. ಅದು ಆಗದಿದ್ದರೆ «ಆಪರೇಷನ್ ಮಸ್ಟ್ ಯೂಸ್ ಆ್ಯನ್ ಅಪ್‌ಡೇಟಬಲ್ ಕ್ವೆರಿ» ಎಂಬ ದಾರಿ ತಪ್ಪಿಸುವ ಮಾತು ಬರುತ್ತದೆ. ಕ್ವೆರಿಗೂ ಅದಕ್ಕೂ ಸಂಬಂಧವಿಲ್ಲ. ಫೋಲ್ಡರಿನ ಸೆಕ್ಯೂರಿಟಿ ಟ್ಯಾಬಿನಲ್ಲಿ ಯೂಸರ್ಸ್ ಗುಂಪಿಗೆ ಮಾಡಿಫೈ ಕೊಡಿ.

ಎಂಡಿಬಿಯ ಹಾದಿಯನ್ನು ಪ್ರೋಗ್ರಾಂ ಎಲ್ಲಿಂದ ಓದುತ್ತದೆ ಎಂದೂ ನೋಡಿಕೊಳ್ಳಿ. ಫೋಲ್ಡರಿನಲ್ಲಿ ಐಎನ್‌ಐ ಕಡತವಿದ್ದರೆ ನೋಟ್‌ಪ್ಯಾಡಿನಲ್ಲಿ ತೆರೆದು ಹಾದಿ ತಿದ್ದಿ. ವಿಂಡೋಸಿನ ಓಡಿಬಿಸಿ ಎಂಬ ಡೇಟಾಬೇಸ್ ಸಂಪರ್ಕದ ಮೂಲಕವಾದರೆ «ಓಡಿಬಿಸಿ ಡೇಟಾ ಸೋರ್ಸಸ್ 32 ಬಿಟ್» ಎನ್ನುವುದನ್ನೇ ತೆರೆದು ಅಲ್ಲಿ ಡಿಎಸ್‌ಎನ್, ಅಂದರೆ ಸಂಪರ್ಕದ ದಾಖಲೆ, ಮಾಡಿ. 64 ಬಿಟ್‌ನದರಲ್ಲಿ ಮಾಡಿದ ಸಿಸ್ಟಂ ಡಿಎಸ್‌ಎನ್ ವಿಬಿ6ಕ್ಕೆ ಕಾಣುವುದಿಲ್ಲ, ಐಎಂ002 ಅಥವಾ ಐಎಂ014 ಬರುತ್ತದೆ.

ಇದಾದ ಮೇಲೆ ಹೊಸ ಕಂಪ್ಯೂಟರಿನ ವರ್ಚುವಲ್‌ಸ್ಟೋರಿನಲ್ಲಿ ಈ ಪ್ರೋಗ್ರಾಂ ಹೆಸರಿನ ಫೋಲ್ಡರ್ ಹುಟ್ಟಿದ್ದರೆ ಅಳಿಸಿ, ಶಾರ್ಟ್‌ಕಟ್ ಹೊಸದಾಗಿ ಮಾಡಿ.

ಡೇರಿಲೆಕ್ಕ

ವರ್ಚುವಲ್‌ಸ್ಟೋರಿನಲ್ಲೇ ಇತ್ತು. ಖಾತೆ ಒಂದೇ, ಎಂಡಿಬಿ ಒಂದೇ. ನಿನ್ನೆಯ ತನಕದ ಲೆಕ್ಕ ಪೂರ್ತಿ ಬಂತು, ಹಳೇದರ ಕೊನೆಯ ಚೀಟಿ ಸಂಖ್ಯೆಗೆ ತಾಳೆ ನೋಡಿದೆವು. ಉಳಿದಿರುವುದು:

ಕನ್ನಡ ಹೆಸರುಗಳು ಸರಿಯಾಗಿಲ್ಲ, ಕೆಲವು ಕಡೆ ಪ್ರಶ್ನಾರ್ಥಕ ಚಿಹ್ನೆ, ಕೆಲವು ಕಡೆ ಇಂಗ್ಲಿಷಿನ ವಿಚಿತ್ರ ಅಕ್ಷರ. ಮೊತ್ತದ ಮುಂದೆಯೂ ಒಂದು ಪ್ರಶ್ನಾರ್ಥಕ ಚಿಹ್ನೆ. ತೂಕದ ಯಂತ್ರ ಒತ್ತಿದರೆ 8002. ಪ್ರಿಂಟರ್ ಯುಎಸ್‌ಬಿಯಲ್ಲಿದೆ, ಪ್ರೋಗ್ರಾಂ ಹಳೇ ಪ್ರಿಂಟರ್ ಪೋರ್ಟಾದ ಎಲ್‌ಪಿಟಿ1 ಕೇಳುತ್ತದೆ.

ಅಚ್ಚುಮೊಳೆ

ಕನ್ನಡದ ಮಾತು ನಾನು ಹೇಳುತ್ತೇನೆ. ಎರಡು ಲಕ್ಷಣ, ಎರಡು ಕಾರಣ.

ಇಂಗ್ಲಿಷಿನ ವಿಚಿತ್ರ ಅಕ್ಷರ ಕಂಡರೆ ಡೇಟಾ ಸರಿ ಇದೆ, ಫಾಂಟ್ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೇ ಫಾಂಟುಗಳು, ಹಾಗೆಯೇ ಬರಹದ ಬಿಆರ್‌ಎಚ್ ಫಾಂಟುಗಳು, ಯೂನಿಕೋಡ್ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿವೆ. ಫಾಂಟ್ ಇಲ್ಲದಿದ್ದರೆ ಆ ಸ್ಥಾನದ ಮೂಲ ಅಕ್ಷರವೇ ಕಾಣುತ್ತದೆ. ಹಳೇ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ಪ್ರೋಗ್ರಾಂ ಬಳಸುವ ಅದೇ ಟಿಟಿಎಫ್ ತನ್ನಿ. ಹೆಸರು ಒಂದಕ್ಷರ ಬೇರೆಯಾದರೂ ಆಗದು. ಹಾಕುವಾಗ ಬಲ ಕ್ಲಿಕ್ ಮಾಡಿ «ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್» ಎಂದೇ ಕೊಡಿ. ವಿಂಡೋಸ್ 10ರ 1809 ಆವೃತ್ತಿಯಿಂದ ಬರೇ «ಇನ್‌ಸ್ಟಾಲ್» ಎಂದರೆ ಆ ಒಂದು ಖಾತೆಗೆ ಮಾತ್ರ ಹಾಕುತ್ತದೆ. ಇನ್ನೊಬ್ಬರ ಖಾತೆಯಲ್ಲಿ ಕಾಣುವುದಿಲ್ಲ, ಹಳೇ ಪ್ರೋಗ್ರಾಂಗಳಿಗೂ ಕೆಲವು ಸಲ ಕಾಣುವುದಿಲ್ಲ.

ಪ್ರಶ್ನಾರ್ಥಕ ಚಿಹ್ನೆ ಕಂಡರೆ ಎಚ್ಚರ. ಆ ಪರದೆಯಲ್ಲಿ ಉಳಿಸು ಒತ್ತಬೇಡಿ! ಒತ್ತಿದರೆ ಪ್ರಶ್ನಾರ್ಥಕ ಚಿಹ್ನೆಯೇ ಡೇಟಾ ಆಗಿಬಿಡುತ್ತದೆ, ಹೆಸರು ವಾಪಸು ಬರುವುದಿಲ್ಲ. ಇಂಟ್ಲ್.ಸಿಪಿಎಲ್ (ಭಾಷೆ, ತಾರೀಖು, ಕರೆನ್ಸಿಯ ಸೆಟ್ಟಿಂಗ್ ಪರದೆ) ಓಡಿಸಿ, ಅಡ್ಮಿನಿಸ್ಟ್ರೇಟಿವ್ ಟ್ಯಾಬ್, «ಚೇಂಜ್ ಸಿಸ್ಟಂ ಲೊಕೇಲ್». ಅಲ್ಲಿ «ಬೀಟಾ: ಯೂಸ್ ಯೂನಿಕೋಡ್ ಯುಟಿಎಫ್-8» ಎಂಬ ಪೆಟ್ಟಿಗೆ ಇದೆ. ಅದಕ್ಕೆ ಟಿಕ್ ಇದ್ದರೆ ತೆಗೆಯಿರಿ. ಲೊಕೇಲ್ ಇಂಗ್ಲಿಷ್ ಇಂಡಿಯಾ ಅಥವಾ ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಇರಲಿ. ಎರಡಕ್ಕೂ ಕೋಡ್ ಪುಟ, ಅಂದರೆ ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿ, 1252, ಹಳೇ ನುಡಿಗೆ ಬೇಕಾದದ್ದು ಅದೇ. ಕನ್ನಡದ ಪ್ರೋಗ್ರಾಂ ಅಲ್ಲವೇ ಎಂದು ಲೊಕೇಲನ್ನು ಕನ್ನಡ ಮಾಡಬೇಡಿ. ಕನ್ನಡಕ್ಕೆ ಹಳೇ ಬಗೆಯ ಕೋಡ್ ಪುಟವೇ ಇಲ್ಲ. ಬದಲಾಯಿಸಿದ ಮೇಲೆ ರೀಸ್ಟಾರ್ಟ್.

ಮೊತ್ತದ ಮುಂದಿನ ಪ್ರಶ್ನಾರ್ಥಕ ಚಿಹ್ನೆ ಬೇರೆ. ಅದು ರೂಪಾಯಿಯ ಹೊಸ ಗುರುತು. 1252ರಲ್ಲಿ ಅದಕ್ಕೆ ಜಾಗವಿಲ್ಲ. ಇಂಟ್ಲ್.ಸಿಪಿಎಲ್, ಅಡಿಷನಲ್ ಸೆಟ್ಟಿಂಗ್ಸ್, ಕರೆನ್ಸಿ ಟ್ಯಾಬಿನಲ್ಲಿ ಗುರುತಿನ ಜಾಗದಲ್ಲಿ ಇಂಗ್ಲಿಷಿನ ಆರ್‌ಎಸ್ ಎಂದು ಬರೆಯಿರಿ.

ಇದನ್ನು ಓದುತ್ತಿರುವ ಬೇರೆಯವರಿಗೆ: ನಿಮ್ಮ ಪ್ರೋಗ್ರಾಂ ಯೂನಿಕೋಡ್ ಬಳಸಿ ತುಂಗಾ ಫಾಂಟ್ ಕೇಳುತ್ತಿದ್ದರೆ, ಅದು ವಿಂಡೋಸ್ 10ರಿಂದ ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸಿನ ಆಪ್ಶನಲ್ ಫೀಚರ್ಸಿನಲ್ಲಿ «ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್» ಹಾಕಿದರೆ ಬರುತ್ತದೆ. ಅದಿಲ್ಲದಾಗ ನಿರ್ಮಲಾ ಯುಐ ಬಂದು ಕೂತು ಅಕ್ಷರದ ಅಗಲ ಬದಲಾಗಿ ಬಿಲ್ಲಿನ ಗೆರೆಗಳು ತಪ್ಪುತ್ತವೆ.

ಹಳೇಕೋಡು

ಅದೇ ಇಂಟ್ಲ್.ಸಿಪಿಎಲ್‌ನಲ್ಲಿ ಇರುವಾಗಲೇ ತಾರೀಖಿನ ರೂಪ ನೋಡಿ. ಇದು ಎರರ್ ತೋರಿಸದೆ ಲೆಕ್ಕ ಕೆಡಿಸುವಂಥದ್ದು, ಅದಕ್ಕೇ 339ಕ್ಕಿಂತ ಕೆಟ್ಟದ್ದು. ಹೊಸ ಕಂಪ್ಯೂಟರ್ ಅಮೆರಿಕದ ರೂಪದಲ್ಲಿದ್ದರೆ 05/04 ಎಂದು ಬರೆದ ಏಪ್ರಿಲ್ 5ನ್ನು ಪ್ರೋಗ್ರಾಂ ಮೇ 4 ಎಂದು ಇಡುತ್ತದೆ. 13/04 ಬಂದಾಗ ಹದಿಮೂರನೇ ತಿಂಗಳಿಲ್ಲವಾದ್ದರಿಂದ ವಿಬಿ ತಾನೇ ಅದಲುಬದಲು ಮಾಡಿಕೊಂಡು ಸರಿಯಾಗಿ ಇಡುತ್ತದೆ. ಫಲ: ತಿಂಗಳ 1ರಿಂದ 12ನೇ ತಾರೀಖಿನವರೆಗಿನ ಹಾಲು ಬೇರೆ ಬೇರೆ ತಿಂಗಳಿಗೆ ಚದುರುತ್ತದೆ, 13ರಿಂದಾಚೆಯದು ಸರಿ ಕಾಣುತ್ತದೆ. ಬಟವಾಡೆ ಪಟ್ಟಿ ತೆಗೆಯುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಶಾರ್ಟ್ ಡೇಟ್ ಜಾಗದಲ್ಲಿ ಹಳೇ ಕಂಪ್ಯೂಟರಿನಲ್ಲಿ ಏನಿತ್ತೋ ಅದನ್ನೇ ಇಡಿ. ದಿನ, ತಿಂಗಳು, ವರ್ಷ ಎಂಬ ಕ್ರಮ ಒಂದೇ ಆದರೆ ಸಾಲದು, ನಡುವಿನ ಗುರುತೂ ಅದೇ ಇರಬೇಕು. ಇಂಗ್ಲಿಷ್ ಇಂಡಿಯಾ ಈಗ ಅಡ್ಡಗೆರೆ ಹಾಕುತ್ತದೆ. ಓರೆಗೆರೆಯಲ್ಲಿ ಕತ್ತರಿಸುವಂತೆ ಬರೆದ ಪ್ರೋಗ್ರಾಂ ಆಗ ಎರರ್ 9, «ಸಬ್‌ಸ್ಕ್ರಿಪ್ಟ್ ಔಟ್ ಆಫ್ ರೇಂಜ್» ಕೊಡುತ್ತದೆ. ಈ ಸೆಟ್ಟಿಂಗ್ ಖಾತೆಗೊಂದು. ಅಡ್ಮಿನಿಸ್ಟ್ರೇಟಿವ್ ಟ್ಯಾಬಿನ «ಕಾಪಿ ಸೆಟ್ಟಿಂಗ್ಸ್» ಹೊಸದಾಗಿ ಮಾಡುವ ಖಾತೆಗಳಿಗೆ ಮಾತ್ರ ಹರಡುತ್ತದೆ, ಈಗಾಗಲೇ ಇರುವ ಖಾತೆಗಳಲ್ಲಿ ಒಂದೊಂದಾಗಿ ಒಳಹೋಗಿ ಬದಲಾಯಿಸಿ.

ಸ್ಪ್ಯಾನರ್

ತೂಕದ ಯಂತ್ರ ನನಗೆ ಬಿಡಿ. 8002 ಅಂದ್ರೆ «ಇನ್‌ವ್ಯಾಲಿಡ್ ಪೋರ್ಟ್ ನಂಬರ್». ಡಿವೈಸ್ ಮ್ಯಾನೇಜರಲ್ಲಿ ಪೋರ್ಟ್ಸ್ ಬಿಚ್ಚಿ ನೋಡಿ, ಯುಎಸ್‌ಬಿ ಟು ಸೀರಿಯಲ್ ಕೇಬಲ್ಲು ಯಾವ ಕಾಮ್ ಸಂಖ್ಯೆ ತಗೊಂಡಿದೆ ಅಂತ. ಎಂಎಸ್‌ಕಾಮ್32 ಕಾಮ್1ರಿಂದ ಕಾಮ್16ರ ತನಕ ಮಾತ್ರ ಒಪ್ಕೊಳ್ತದೆ. ಅದಕ್ಕಿಂತ ಮೇಲಿದ್ರೆ, ಇಲ್ಲಾ ಪ್ರೋಗ್ರಾಂ ಕಾಮ್1 ಅಂತ ಗಟ್ಟಿಯಾಗಿ ಬರ್ದಿದ್ರೆ, ಬಲ ಕ್ಲಿಕ್, ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಅಲ್ಲಿ ಸಂಖ್ಯೆ ಬದಲಾಯ್ಸಿ. «ಇನ್ ಯೂಸ್» ಅಂದ್ರೂ ಬೇರೆ ನಿಜವಾದ ಸಾಧನ ಆ ಸಂಖ್ಯೆಯಲ್ಲಿ ಇಲ್ದಿದ್ರೆ ಪರ್ವಾಗಿಲ್ಲ, ಹಿಂದೆ ಚುಚ್ಚಿದ್ದ ಯಾವ್ದೋ ಕೇಬಲ್ಲಿನ ನೆನಪದು. ಆಮೇಲೆ ಕೇಬಲ್ಲು ಯಾವಾಗ್ಲೂ ಅದೇ ಯುಎಸ್‌ಬಿ ತೂತಿಗೆ. ತೂತು ಬದ್ಲಾದ್ರೆ ಹಲವು ಕೇಬಲ್ಲಿಗೆ ಸಂಖ್ಯೆನೂ ಬದ್ಲಾಗ್ತದೆ.

ಪೋರ್ಟ್ ಹೆಸರಿನ ಜಾಗದಲ್ಲಿ «ಪಿಎಲ್2303ಎಚ್‌ಎಕ್ಸ್‌ಎ ಫೇಸ್ಡ್ ಔಟ್ ಸಿನ್ಸ್ 2012» ಅಂತ ಬಂದಿದ್ರೆ ಕೇಬಲ್ಲಿನ ಚಿಪ್ಪು ಹಳೇದು, ಹೊಸ ಡ್ರೈವರ್ ಅದನ್ನ ಮುಟ್ಟಲ್ಲ. ಹಳೇ ಡ್ರೈವರ್ ಹಿಡ್ದು ಹಾಕೋರಿದಾರೆ, ಮುಂದಿನ ಅಪ್‌ಡೇಟಿಗೆ ಅದು ಮತ್ತೆ ಹೋಗ್ತದೆ. ಎಫ್‌ಟಿಡಿಐ ಚಿಪ್ಪಿನ ಕೇಬಲ್ ತಗೊಳ್ಳಿ.

ಬಾಡ್ ರೇಟು, ಪ್ಯಾರಿಟಿ ಇವು ಪ್ರೋಗ್ರಾಂ ತಾನೇ ಹಾಕ್ಕೊಳ್ತದೆ, ಡಿವೈಸ್ ಮ್ಯಾನೇಜರಲ್ಲಿ ತಲೆಕೆಡಿಸ್ಕೊಬೇಡಿ.

ಗಂಟುಬಲೆ

ಪ್ರಿಂಟರ್. ಪ್ರೋಗ್ರಾಂ ಎಲ್‌ಪಿಟಿ1ಕ್ಕೆ ನೇರ ಪಠ್ಯ ಸುರಿಯುತ್ತದೆ, ಯುಎಸ್‌ಬಿ ಪ್ರಿಂಟರಿಗೆ ಆ ಹೆಸರಿಲ್ಲ. ಕೊಡುವುದು ಹೀಗೆ: ಪ್ರಿಂಟರ್ ಪ್ರಾಪರ್ಟೀಸ್, ಶೇರಿಂಗ್, ಸ್ಪೇಸ್ ಇಲ್ಲದ ಚಿಕ್ಕ ಹೆಸರು, ಉದಾಹರಣೆಗೆ ಡಾಟ್. ನಂತರ ಸಾಮಾನ್ಯ ಸಿಎಂಡಿಯಲ್ಲಿ:

ನೆಟ್ ಯೂಸ್ ಎಲ್‌ಪಿಟಿ1: \\127.0.0.1\ಡಾಟ್ /ಪರ್ಸಿಸ್ಟೆಂಟ್:ಯೆಸ್

ಕಂಪ್ಯೂಟರ್ ಹೆಸರಿನ ಬದಲು 127.0.0.1 ಹಾಕಿದರೆ ನೆಟ್‌ವರ್ಕ್ ಕೇಬಲ್ ಕಿತ್ತಿದ್ದಾಗಲೂ, ಕಂಪ್ಯೂಟರ್ ಹೆಸರು ಬದಲಾದರೂ ನಡೆಯುತ್ತದೆ. «ಸಿಸ್ಟಂ ಎರರ್ 5» ಬಂದರೆ ಮದರ್‌ಬೋರ್ಡಿನಲ್ಲೇ ಅಸಲಿ ಎಲ್‌ಪಿಟಿ1 ಇದೆ, ಡಿವೈಸ್ ಮ್ಯಾನೇಜರಿನಲ್ಲಿ ಅದನ್ನು ಡಿಸೇಬಲ್ ಮಾಡಿ. ಈ ಜೋಡಣೆಯೂ ಸಾಮಾನ್ಯ ಮತ್ತು ಅಡ್ಮಿನ್ ಅವತಾರಗಳಿಗೆ ಬೇರೆ ಬೇರೆ. ಅಡ್ಮಿನ್ ಸಿಎಂಡಿಯಲ್ಲಿ ಕೊಟ್ಟದ್ದು ಸಾಮಾನ್ಯ ಪ್ರೋಗ್ರಾಂಗೆ ಕಾಣುವುದಿಲ್ಲ.

ಎಲ್‌ಪಿಟಿ1 ಮೂಲಕ ಹೋಗುವುದು ಇಂಗ್ಲಿಷ್ ಚೀಟಿ ಮಾತ್ರ. ನುಡಿ ಅಕ್ಷರ ಪ್ರಿಂಟರಿನೊಳಗಿಲ್ಲ, ಆದ್ದರಿಂದ ಕನ್ನಡ ಬಿಲ್ಲು ವಿಂಡೋಸ್ ಡ್ರೈವರ್ ಮೂಲಕವೇ ಹೋಗಬೇಕು. ಅದಕ್ಕೆ ಸೆಟ್ಟಿಂಗ್ಸಿನ ಪ್ರಿಂಟರ್ ಪುಟದಲ್ಲಿ «ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್» ಆಫ್ ಮಾಡಿ. ಆನ್ ಇದ್ದರೆ ಕೊನೆಗೆ ಬಳಸಿದ ಪ್ರಿಂಟರೇ ಡೀಫಾಲ್ಟ್. ಯಾರೋ ಒಂದು ಪಿಡಿಎಫ್ ಮಾಡಿದರೆ ಮುಂದಿನ ಬಿಲ್ಲೆಲ್ಲ ಪಿಡಿಎಫ್ ಕಡೆಗೆ ಹೋಗುತ್ತದೆ.

ಡೇರಿಲೆಕ್ಕ

ತೂಕ ಬರುತ್ತಿದೆ, ಕಾಮ್19 ಇತ್ತು, 3 ಮಾಡಿದೆವು. ಚೀಟಿಯೂ ಬಂತು. ಯುಟಿಎಫ್-8 ಟಿಕ್ ತೆಗೆದ ಮೇಲೆ ಹೆಸರುಗಳು ಸರಿ. ಕೊನೆಯದು: ಕಾರ್ಯದರ್ಶಿಯವರ ಮೇಜಿನ ಕಂಪ್ಯೂಟರಿನಿಂದಲೂ ಇದೇ ಲೆಕ್ಕ ನೋಡಬೇಕು. ಅದೂ ಹೊಸ ವಿಂಡೋಸ್ 11. ಹಿಂದೆ ಪಾಸ್‌ವರ್ಡ್ ಇಲ್ಲದೆ ಶೇರ್ ತೆರೆಯುತ್ತಿತ್ತು, ಈಗ «ಅನ್‌ಆಥೆಂಟಿಕೇಟೆಡ್ ಗೆಸ್ಟ್ ಆ್ಯಕ್ಸೆಸ್» ತಡೆದಿದೆ ಅನ್ನುತ್ತದೆ. ಇದನ್ನು ತೆಗೆಯುವ ರಿಜಿಸ್ಟ್ರಿ ಕೀಲಿ ಇದೆಯಂತೆ, ಹಾಕಲೇ?

ಗಂಟುಬಲೆ

ಬೇಡ. ಆ ಕೀಲಿ ಹಾಕಿ ಪಾಸ್‌ವರ್ಡ್ ಇಲ್ಲದ ಶೇರನ್ನೇ ಉಳಿಸಿಕೊಂಡರೆ ಕಚೇರಿಯ ವೈಫೈಗೆ ಸೇರಿದ ಯಾವ ಮೊಬೈಲಿಗೂ ನಿಮ್ಮ ಲೆಕ್ಕ ತೆರೆದೇ ಇರುತ್ತದೆ. ಡೇಟಾ ಇರುವ ಕಂಪ್ಯೂಟರಿನಲ್ಲಿ ಒಂದು ಲೋಕಲ್ ಖಾತೆ ಮಾಡಿ, ಪಾಸ್‌ವರ್ಡ್ ಕಡ್ಡಾಯ. ಫೋಲ್ಡರಿನ ಶೇರಿಂಗ್ ಅನುಮತಿಯಲ್ಲೂ ಸೆಕ್ಯೂರಿಟಿ ಟ್ಯಾಬಿನಲ್ಲೂ ಆ ಖಾತೆಗೆ ಬರೆಯುವ ಹಕ್ಕು ಕೊಡಿ, ಎವ್ರಿಒನ್ ತೆಗೆಯಿರಿ. ಕಾರ್ಯದರ್ಶಿಯವರ ಕಂಪ್ಯೂಟರಿನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್, ವಿಂಡೋಸ್ ಕ್ರೆಡೆನ್ಶಿಯಲ್ಸ್, ಅಲ್ಲಿ ಆ ಕಂಪ್ಯೂಟರಿನ ಹೆಸರು, ಖಾತೆ, ಪಾಸ್‌ವರ್ಡ್ ಒಮ್ಮೆ ಸೇರಿಸಿದರೆ ಮತ್ತೆ ಕೇಳುವುದಿಲ್ಲ. ಖಾತೆಯ ಹೆಸರಿನ ಹಿಂದೆ ಡೇಟಾ ಇರುವ ಕಂಪ್ಯೂಟರಿನ ಹೆಸರು ಮತ್ತು ಹಿಂದೋರೆಗೆರೆ ಹಾಕಿ. ಪಿನ್ ಇಲ್ಲಿ ನಡೆಯುವುದಿಲ್ಲ, ನಿಜವಾದ ಪಾಸ್‌ವರ್ಡೇ ಬೇಕು.

ಎರಡೂ ಕಂಪ್ಯೂಟರಿನ ನೆಟ್‌ವರ್ಕ್ ಪ್ರೊಫೈಲ್ ಪ್ರೈವೇಟ್ ಇರಲಿ. ಇದ್ದಲ್ಲೆಲ್ಲ ಕೇಬಲ್ ಬಳಸಿ. ಎಂಡಿಬಿ ತೆರೆದಿರುವಾಗ ವೈಫೈ ಕ್ಷಣಕಾಲ ಕಡಿದರೂ ಕಡತ ಮುರಿಯಬಹುದು. ಕಾರ್ಯದರ್ಶಿಯವರ ಕಂಪ್ಯೂಟರಿನಲ್ಲೂ ಓಸಿಎಕ್ಸ್, ಫಾಂಟ್, ತಾರೀಖಿನ ರೂಪ, ಮೇಲಿನದೆಲ್ಲ ಮತ್ತೊಮ್ಮೆ ಮಾಡಬೇಕು. ತಾರೀಖು ಮರೆತರೆ ಒಂದೇ ಎಂಡಿಬಿಗೆ ಎರಡು ಬಗೆಯ ತಾರೀಖು ಸೇರುತ್ತದೆ.

ಕಡತಶೋಧ

ಎರಡನೇ ಕಂಪ್ಯೂಟರಿಗೆ ಕೈಯಲ್ಲಿ ಮಾಡುವ ಬದಲು ಎಲ್ಲ ಓಸಿಎಕ್ಸ್‌ಗಳನ್ನು ಒಂದು ಫೋಲ್ಡರಿನಲ್ಲಿಟ್ಟು ಬ್ಯಾಚ್ ಕಡತ ಬರೆಯಿರಿ: ಪ್ರತಿ ಕಡತಕ್ಕೆ ಎರಡು ಸಾಲು, ಸಿಸ್‌ವಾವ್64ರಲ್ಲಿ ಇಲ್ಲದಿದ್ದರೆ ಮಾತ್ರ ಕಾಪಿ, ನಂತರ ಸಿಸ್‌ವಾವ್64ರ ರೆಗ್‌ಎಸ್‌ವಿಆರ್32 ಅನ್ನು ಪೂರ್ತಿ ಹಾದಿಯೊಂದಿಗೆ ಕರೆದು /ಎಸ್ ಸೇರಿಸಿದ ರಿಜಿಸ್ಟರ್. /ಎಸ್ ಹಾಕಿದರೆ ಸೋತರೂ ಬಾಯಿ ಬಿಡುವುದಿಲ್ಲ, ಆದ್ದರಿಂದ ಮೊದಲ ಸಲ /ಎಸ್ ಇಲ್ಲದೆ ಓಡಿಸಿ. ಆ ಫೋಲ್ಡರ್, ಫಾಂಟು, ಇಂಟ್ಲ್.ಸಿಪಿಎಲ್ ಪರದೆಯ ಚಿತ್ರ, ಮೂರನ್ನೂ ಒಂದೇ ಪೆನ್‌ಡ್ರೈವಿನಲ್ಲಿಡಿ.

ಬಿಳಿಹಾಳೆ

ನಮ್ಮಲ್ಲಿ ಇದೇ ತರಹದ್ದು, ಆದರೆ ಫಾಕ್ಸ್‌ಪ್ರೋ ಡಾಸ್ ಪ್ರೋಗ್ರಾಂ. «ದಿಸ್ ಆ್ಯಪ್ ಕಾಂಟ್ ರನ್ ಆನ್ ಯುವರ್ ಪಿಸಿ» ಅನ್ನುತ್ತದೆ. ಓಸಿಎಕ್ಸ್ ಹಾಕಿದರೆ ಆಗುತ್ತದೆಯೇ?

ಹಳೇಕೋಡು

ಆಗದು. ಅದು 16 ಬಿಟ್. ಅದನ್ನು ಓಡಿಸುವ ಎನ್‌ಟಿವಿಡಿಎಂ ಎಂಬ ಭಾಗ 64 ಬಿಟ್ ವಿಂಡೋಸಿನಲ್ಲಿ ಇಲ್ಲವೇ ಇಲ್ಲ, ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಡಾಸ್‌ಬಾಕ್ಸ್-ಎಕ್ಸ್ ಅಥವಾ ವಿಡಾಸ್ ನೋಡಿ, ಪ್ರಿಂಟಿಂಗ್ ಮತ್ತು ಬೀಗದ ವಿಷಯಕ್ಕೆ ಬೇರೆ ಎಳೆ ತೆರೆಯಿರಿ, ಇಲ್ಲಿ ಬೆರೆಸುವುದು ಬೇಡ.

@ಡೇರಿಲೆಕ್ಕ, ಹಳೇ ಕಂಪ್ಯೂಟರನ್ನು ಈಗಲೇ ಫಾರ್ಮ್ಯಾಟ್ ಮಾಡಬೇಡಿ. ವರ್ಷಾಂತ್ಯದ ವರದಿ, ಬೋನಸ್ ಪಟ್ಟಿ, ಆಡಿಟ್ ಪ್ರತಿ, ಎಲ್ಲ ಮೆನು ಒಮ್ಮೆ ಹೊಸದರಲ್ಲಿ ತೆರೆದು ನೋಡುವ ತನಕ ಇರಲಿ. ಆದರೆ ಅದರಲ್ಲಿ ಹೊಸ ನಮೂದು ಮಾಡದಂತೆ ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಇವತ್ತೇ ತೆಗೆದುಬಿಡಿ.